ಮಳೆಗಾಲಕ್ಕೆ ಮುನ್ನ: ಟ್ಯಾಂಕಿನಲ್ಲಿ ಉಳಿದ ಇಂಧನ

(ರೈತರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಪರಿಸರದ ಸಭೆಯೆಂದರೆ ಅಣೆಕಟ್ಟು, ಗಣಿ, ಕಾಡಿನ ನಾಶ ಮುಂತಾದ ದೊಡ್ಡ ಸಂಗತಿಗಳನ್ನು ಚರ್ಚಿಸುವುದು ವಾಡಿಕೆ. ಅವುಗಳ ಹೊಣೆ ಬಹುಪಾಲು ಬೇರೆಯವರದು. ಇಂದು ನಾನು ಆರಿಸಿಕೊಂಡಿರುವುದು ಪೂರ್ತಿಯಾಗಿ ನಮ್ಮದೇ ಹೊಣೆಯಾದ ಒಂದು ಸಣ್ಣ ಸಂಗತಿಯನ್ನು. ಎಂಜಿನ್ನುಗಳನ್ನು ಎತ್ತಿಡುವಾಗ ಟ್ಯಾಂಕಿನಲ್ಲಿ ಉಳಿಯುವ ಇಂಧನವನ್ನು ಏನು ಮಾಡಬೇಕು?

ಶೀತದೇಶಗಳಲ್ಲಿ ಸರೋವರ ಹೆಪ್ಪುಗಟ್ಟುವ ಮೊದಲೇ ದೋಣಿಗಳನ್ನು ದಡಕ್ಕೆಳೆದು, ಎಂಜಿನ್ನಿನಲ್ಲಿ ಉಳಿದ ಇಂಧನಕ್ಕೊಂದು ವ್ಯವಸ್ಥೆ ಮಾಡಿ, ಚಳಿಗಾಲ ಕಳೆಯುವವರೆಗೆ ಮುಚ್ಚಿಡುತ್ತಾರೆ. ನಮಗೆ ಹಿಮದ ಭಯವಿಲ್ಲ; ನಮ್ಮ ಯಂತ್ರಗಳಿಗೆ ಬಿಡುವು ಕೊಡುವುದು ಮಳೆ. ಮೇ ತಿಂಗಳ ಕೊನೆಗೆ, ಹಳ್ಳದಿಂದ ತೋಟಕ್ಕೆ ನೀರೆತ್ತುತ್ತಿದ್ದ ಪಂಪು ಕೊಟ್ಟಿಗೆಯ ಮೂಲೆ ಸೇರುತ್ತದೆ. ಹಿನ್ನೀರಿನ ಊರುಗಳಲ್ಲಿ ಗಾಳಿಮಳೆ ಬಲಿತಾಗ ದೋಣಿಯ ಎಂಜಿನ್ನನ್ನು ಬಿಚ್ಚಿ ಮನೆಗೆ ತರುತ್ತಾರೆ. ಘಟ್ಟದ ಕೆಳಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮಳೆ ಮುಗಿದ ಮೇಲೆ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ಯಂತ್ರದ ಸರದಿ. ಇವೆಲ್ಲದರ ಹೊಟ್ಟೆಯಲ್ಲೂ ಅರ್ಧ ಲೀಟರೋ ಒಂದು ಲೀಟರೋ ಉಳಿದೇ ಇರುತ್ತದೆ.

ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ಸುಮಾರು ಎರಡು ಲೀಟರ್ ಹಳೆಯ ಪೆಟ್ರೋಲು ಉಳಿದಿತ್ತು. ಹೇಗೂ ಆವಿಯಾಗಿ ಹೋಗುತ್ತದೆಂದು ಭಾವಿಸಿ ತೋಟದ ಮೇಲಿನ ಧರೆಯ ಅಂಚಿಗೆ ಸುರಿದೆ. ಮೊದಲ ಮಳೆ ಹಿಡಿದ ವಾರದಲ್ಲೇ ಕೆಳಮನೆಯ ಅಕ್ಕ ಬಂದು, "ತಮ್ಮಾ, ನಮ್ಮ ಅಬ್ಬಿನೀರು ಪೆಟ್ರೋಲ್ ಬಂಕಿನ ಹಾಗೆ ನಾರುತ್ತಿದೆ, ಒಮ್ಮೆ ಬಂದು ನೋಡು" ಎಂದರು. ಕೃಷಿ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವನು ನಾನು. ಅವರೆದುರು ತಲೆತಗ್ಗಿಸಿ ನಿಂತೆ. ಆ ಮಳೆಗಾಲವಿಡೀ ಅವರ ಮನೆಗೆ ಕುಡಿಯುವ ನೀರನ್ನು ನಮ್ಮ ಬಾವಿಯಿಂದ ಹೊತ್ತೆವು.

ನಮ್ಮ ಜಂಬಿಟ್ಟಿಗೆ ನೆಲ ರಂಧ್ರಮಯವಾದುದು. ಬಿದ್ದ ಮಳೆ ಬೇಗನೆ ಇಳಿದು ಒರತೆಯಾಗಿ ಕೆಳಗೆ ಹೊರಡುತ್ತದೆ. ನಾವು ಸುರಿದದ್ದೂ ಅದೇ ದಾರಿ ಹಿಡಿಯುತ್ತದೆ. ಪೆಟ್ರೋಲಿನಲ್ಲಿ ಬೆಂಜೀನ್ ಎಂಬ, ಕ್ಯಾನ್ಸರ್ ತರಬಲ್ಲ ವಸ್ತುವಿದೆ. ನಮ್ಮ ದೇಶದ ಮಾನಕದಂತೆ ಅದು ಪೆಟ್ರೋಲಿನ ಶೇ. 1ರವರೆಗೆ ಇರಬಹುದು. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಅದು 10 ಮೈಕ್ರೋಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಿ. ಒಂದು ಲೀಟರ್ ಪೆಟ್ರೋಲಿನಲ್ಲಿ 8 ಗ್ರಾಂ ಬೆಂಜೀನ್ ಇದ್ದು, ಅದಷ್ಟೂ ನೀರು ಸೇರಿತೆಂದರೆ, 8 ಲಕ್ಷ ಲೀಟರ್ ನೀರು ಆ ಮಿತಿಯನ್ನು ಮುಟ್ಟುತ್ತದೆ. ಒಂದು ಪಾಲು ಗಾಳಿಗೆ ಹೋಗುತ್ತದೆ, ನಿಜ. ಆದರೆ ಉಳಿದ ಪಾಲು ಸಣ್ಣದೆಂದು ಕೆಳಮನೆಯವರಿಗೆ ಹೇಳುವ ಧೈರ್ಯ ನನಗಿಲ್ಲ.

ಇಂಧನವನ್ನು ಹಾಗೆಯೇ ಟ್ಯಾಂಕಿನಲ್ಲಿ ಬಿಟ್ಟರಾಯಿತಲ್ಲ ಎನ್ನಬಹುದು. ಹಿಂದೆ ಅದು ಒಂದಿಷ್ಟು ನಡೆಯುತ್ತಿತ್ತು. ಆದರೆ ಪೆಟ್ರೋಲಿಗೆ ಬೆರೆಸುವ ಎಥನಾಲ್ 2022ರಲ್ಲಿ ಶೇ. 10ಕ್ಕೂ, 2025ರಲ್ಲಿ ಶೇ. 20ಕ್ಕೂ ಏರಿತು. ಎಥನಾಲ್ ನೀರನ್ನು ಹೀರುವ ಗುಣವುಳ್ಳದ್ದು. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಸೀಮೆ ನಮ್ಮದು. ಸಡಿಲವಾದ ಮುಚ್ಚಳವಿದ್ದರೆ ಟ್ಯಾಂಕಿಗೆ ತೇವ ಸೇರಲು ತಡವಿಲ್ಲ. ನೀರು ಮಿತಿ ಮೀರಿದಾಗ ಎಥನಾಲಿನೊಡನೆ ಬೇರ್ಪಟ್ಟು ತಳ ಸೇರುತ್ತದೆ. ಎಂಜಿನ್ನು ಹೀರುವುದೂ ತಳದಿಂದಲೇ. ಆಯಿಲ್ ಬೆರೆಸಿ ಓಡಿಸುವ ಟೂ ಸ್ಟ್ರೋಕ್ ಯಂತ್ರದಲ್ಲಿ ಆಯಿಲ್ ಮೇಲಿನ ಪದರದಲ್ಲೇ ಉಳಿಯುವುದರಿಂದ, ಜಿಡ್ಡಿಲ್ಲದೆ ಪಿಸ್ಟನ್ ಹಾಳಾಗುತ್ತದೆ. ಕಾರ್ಬ್ಯುರೇಟರಿನಲ್ಲಿ ಉಳಿದದ್ದು ಅಂಟಾಗಿ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ.

ಆದುದರಿಂದ ನನ್ನ ಸಲಹೆ ಒಂದೇ: ಉಳಿಸಬೇಡಿ. ಋತುವಿನ ಕೊನೆಯ ವಾರದಲ್ಲಿ ಬೇಕಾದಷ್ಟನ್ನೇ ತನ್ನಿ, ಬೇಕಾದಷ್ಟಕ್ಕೇ ಆಯಿಲ್ ಬೆರೆಸಿ. ಆದರೂ ಉಳಿದರೆ, ಅದನ್ನು ಪಾರದರ್ಶಕವಾದ ಗಾಜಿನ ಶೀಸೆಯಲ್ಲಿ ತುಸುಹೊತ್ತು ಇಟ್ಟು ನೋಡಿ. ತಿಂಗಳೊಳಗೆ ತಂದ, ತಿಳಿಯಾದ, ಆಯಿಲ್ ಬೆರೆಸದ ಪೆಟ್ರೋಲನ್ನು ಬೈಕಿನ ತುಂಬಿದ ಟ್ಯಾಂಕಿಗೆ ಸ್ವಲ್ಪಸ್ವಲ್ಪವಾಗಿ ಸೇರಿಸಿ ಮುಗಿಸಬಹುದು. ಆಯಿಲ್ ಬೆರೆಸಿದ್ದನ್ನು ಬೈಕಿಗೆ ಹಾಕಬೇಡಿ. ಅಂಥದೇ ಯಂತ್ರವನ್ನು ಇನ್ನೂ ಓಡಿಸುತ್ತಿರುವ ನೆರೆಯವರಿಗೆ ಕೊಡಿ. ಅನಂತರ ಯಂತ್ರವನ್ನು ಬಯಲಿನಲ್ಲಿಟ್ಟು ಚಾಲೂ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ, ಕಾರ್ಬ್ಯುರೇಟರ್ ಬರಿದಾಗುತ್ತದೆ. ಮುಚ್ಚಿದ ಕೊಟ್ಟಿಗೆಯೊಳಗೆ ಹೊಗೆ ಪ್ರಾಣಕ್ಕೆ ಎರವಾದೀತು. ದೋಣಿಯ ಎಂಜಿನ್ನನ್ನು ಹೀಗೆ ಓಡಿಸುವಾಗ ಅದರ ಕೆಳಭಾಗ ನೀರಿನಲ್ಲಿರಲೇಬೇಕು, ಇಲ್ಲವಾದರೆ ತಂಪಿನ ನೀರೆಳೆಯುವ ಚಕ್ರ ಸುಟ್ಟುಹೋಗುತ್ತದೆ. ಡೀಸೆಲ್ ಎಂಜಿನ್ನಿಗೆ ಇದು ಅನ್ವಯಿಸದು. ಅದನ್ನು ಬರಿದು ಮಾಡಿದರೆ ಕೊಳವೆಗೆ ಗಾಳಿ ಹೊಗುತ್ತದೆ. ತಳದ ನೀರನ್ನು ಡಬ್ಬಿಗೆ ಹಿಡಿದು ತೆಗೆದು, ಟ್ಯಾಂಕನ್ನು ತುಂಬಿಡುವುದೇ ಲೇಸು.

ಬಣ್ಣ ಕಪ್ಪಾದ, ಹುಳಿವಾಸನೆಯ, ಪದರ ಕಟ್ಟಿದ ಇಂಧನವನ್ನು ಯಾವ ಎಂಜಿನ್ನಿಗೂ ಹಾಕಬಾರದು, ನೆಲಕ್ಕೂ ಹಳ್ಳಕ್ಕೂ ಸುರಿಯಬಾರದು. ಮಳೆಗಾಲದಲ್ಲಿ ಹಸಿ ಸೌದೆಯಿಟ್ಟ ಬಚ್ಚಲೊಲೆಗೆ ಎರಚುವವರಿದ್ದಾರೆ; ಪೆಟ್ರೋಲಿನ ಆವಿ ಬೆಂಕಿ ಹಿಡಿದರೆ ಮುಖವನ್ನೇ ಸುಡುತ್ತದೆ. ಅದನ್ನು ಬಿಗಿಮುಚ್ಚಳದ ಲೋಹದ ಡಬ್ಬಿಯಲ್ಲಿ, ಹೆಸರು ಬರೆದು, ಒಲೆಯಿಂದಲೂ ಮಕ್ಕಳಿಂದಲೂ ದೂರವಿಡಿ. ಕುಡಿಯುವ ನೀರಿನ ಬಾಟಲಿಗಂತೂ ತುಂಬಲೇಬೇಡಿ. ಒಬ್ಬೊಬ್ಬರ ಅರ್ಧ ಲೀಟರಿಗಾಗಿ ಯಾರೂ ಪೇಟೆಯಿಂದ ಬರಲಾರರು. ಊರಿನದೆಲ್ಲ ಒಂದೆಡೆ ಸೇರಿದರೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದವರಿಗೆ ಒಪ್ಪಿಸಲು ನಾವೇ ಏರ್ಪಾಡು ಮಾಡಬಹುದು. ಗ್ರಾಮಸಭೆಯಲ್ಲಿ ಇದನ್ನು ಪ್ರಸ್ತಾಪಿಸಬೇಕೆಂದು ಹಿರಿಯರಲ್ಲಿ ನನ್ನ ವಿನಂತಿ.

ವಿದ್ಯಾರ್ಥಿಗಳಿಗೆ ಒಂದು ಕೆಲಸ. ಮಳೆ ಹಿಡಿಯುವ ಮುನ್ನ ನಿಮ್ಮ ಕೇರಿಯ ಮನೆಮನೆಗೆ ಹೋಗಿ, ಎಷ್ಟು ಎಂಜಿನ್ನುಗಳಿವೆ, ಒಂದೊಂದರಲ್ಲಿ ಎಷ್ಟು ಉಳಿದಿದೆ, ಹೋದ ವರ್ಷ ಉಳಿದದ್ದನ್ನು ಏನು ಮಾಡಿದರು ಎಂದು ಕೇಳಿ ಬರೆದುಕೊಳ್ಳಿ. ಆ ಮನೆಗಿಂತ ಕೆಳಗೆ ಯಾರ ಬಾವಿ, ಯಾರ ಅಬ್ಬಿ ಇದೆಯೆಂಬುದನ್ನೂ ಪಕ್ಕದಲ್ಲೇ ಗುರುತಿಸಿ. ಗುಡ್ಡದ ಸೀಮೆಯಲ್ಲಿ ಪ್ರತಿಯೊಬ್ಬರೂ ಯಾರದೋ ಮೇಲ್ಮನೆಯವರು. ಹಾಗೆಯೇ ಪ್ರತಿಯೊಬ್ಬರ ಮೇಲೆಯೂ ಇನ್ನೊಂದು ಮನೆಯಿದೆ.