ಕಿರಿಯ ತಾರೆಗಳ ಹಿರಿಯ ಬಲ

(ಶಾಲೆಯ ವಿಜ್ಞಾನ ಸಂಘದ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ವೈಶಾಖ ಮಾಸದ ರಾತ್ರಿ ಊಟವಾದ ಮೇಲೆ ಅಂಗಳಕ್ಕೆ ಬಂದು ದಕ್ಷಿಣಾಭಿಮುಖವಾಗಿ ನಿಂತರೆ, ದಿಗಂತದಿಂದ ತುಸು ಮೇಲೆ ಆಲ್ಫಾ ಸೆಂಟಾರಿ ಎಂಬ ಉಜ್ಜ್ವಲ ನಕ್ಷತ್ರವು ಕಾಣುತ್ತದೆ. ಅದರ ಬಳಿಯಲ್ಲಿಯೇ, ನಮಗೆ ಇನ್ನೂ ಸಮೀಪದಲ್ಲಿ, ಪ್ರಾಕ್ಸಿಮಾ ಎಂಬ ಮತ್ತೊಂದು ತಾರೆಯಿದೆ. ಸೂರ್ಯನನ್ನು ಬಿಟ್ಟರೆ ನಮಗೆ ಅತ್ಯಂತ ನಿಕಟವಾದ ನಕ್ಷತ್ರ ಅದೇ, ದೂರ 4.2 ಜ್ಯೋತಿರ್ವರ್ಷ. ಆದರೂ ಬರಿಗಣ್ಣಿಗೆ ಅದು ಕಾಣದು. 1915ರಲ್ಲಿ ದಕ್ಷಿಣ ಆಫ್ರಿಕದಲ್ಲಿದ್ದ ರಾಬರ್ಟ್ ಇನ್ಸ್ ಎಂಬ ಖಗೋಳಜ್ಞರು ಅದನ್ನು ಗುರುತಿಸಿದರು. ಅದರ ದ್ರವ್ಯರಾಶಿ ಸೂರ್ಯನದರ ಎಂಟನೆಯ ಒಂದು ಪಾಲು. ಮೇಲ್ಮೈಯ ಉಷ್ಣತೆ ಹೆಚ್ಚುಕಡಿಮೆ ಅರ್ಧ. ಇಂತಹ ಸಣ್ಣ, ತಂಪಾದ ತಾರೆಗಳನ್ನು ಕೆಂಪು ಕುಬ್ಜಗಳೆನ್ನುತ್ತಾರೆ. ಆಕಾಶಗಂಗೆಯ ನಕ್ಷತ್ರಗಳಲ್ಲಿ ಸುಮಾರು ಮುಕ್ಕಾಲು ಪಾಲು ಇವೇ.

ಕಿರಿದೆಂದು ಇವುಗಳನ್ನು ಹಗುರವಾಗಿ ಎಣಿಸುವಂತಿಲ್ಲ. ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಅಯಸ್ಕಾಂತ ಕ್ಷೇತ್ರದ ಬಲ ಸುಮಾರು ಅರ್ಧ ಗಾಸ್ ಮಾತ್ರ. ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿರುವ ಡಬ್ಲ್ಯು. ಎಕ್ಸ್. ಎಂಬ ಕೆಂಪು ಕುಬ್ಜದ ಕ್ಷೇತ್ರವಾದರೋ 7,000 ಗಾಸ್ ಮೀರಿದ್ದೆಂದು 2017ರಲ್ಲಿ ಪ್ರಕಟವಾಯಿತು. ಅಲ್ಲಿಗೆ ಹೋಗದೆ ಅಳೆದದ್ದು ಹೇಗೆ? ಅಯಸ್ಕಾಂತದ ನಡುವೆ ಇರಿಸಿದ ಜ್ವಾಲೆಯ ವರ್ಣಪಟಲದ ರೇಖೆಗಳು ಅಗಲವಾಗುವುದನ್ನು 1896ರಲ್ಲಿ ಹಾಲೆಂಡಿನ ಜೀಮಾನರು ಕಂಡರು. 1908ರಲ್ಲಿ ಅಮೆರಿಕದ ಹೇಲರು ಸೂರ್ಯನ ಕಲೆಗಳಲ್ಲಿ ಅದೇ ಗುರುತನ್ನು ಪತ್ತೆಮಾಡಿದರು. ದೂರದ ತಾರೆಗಳಿಗೂ ಅದೇ ಅಳತೆಗೋಲು.

ಈ ಬಲ ಎಲ್ಲಿಂದ ಬಂತು? ಎಸರು ಕುದಿಯುವಾಗ ತಳದ ಬಿಸಿನೀರು ಮೇಲೇರಿ, ತಣಿದು ಕೆಳಗಿಳಿಯುವುದನ್ನು ತಾಯಂದಿರು ದಿನವೂ ನೋಡುತ್ತಾರೆ. ತೀರ ಸಣ್ಣ ತಾರೆಯ ಒಡಲು ಕೇಂದ್ರದವರೆಗೂ ಹೀಗೆಯೇ ಕುದಿಯುತ್ತದೆ. ವಿದ್ಯುತ್ತು ಹರಿಯಬಲ್ಲ ಆ ಅನಿಲವು ಕುದಿಯುತ್ತ, ಜೊತೆಗೆ ತಿರುಗುತ್ತ ಇರುವುದರಿಂದ ತಾರೆಯೇ ಒಂದು ಡೈನಮೋ ಆಗುತ್ತದೆ. ಬೈಸಿಕಲ್ಲಿನ ಚಕ್ರ ವೇಗವಾಗಿ ತಿರುಗಿದಷ್ಟೂ ದೀಪ ಬೆಳಗುವಂತೆ, ಒಂದು ಮಿತಿಯವರೆಗೆ, ತಾರೆ ವೇಗವಾಗಿ ತಿರುಗಿದಷ್ಟೂ ಕ್ಷೇತ್ರ ಬಲಿಯುತ್ತದೆ. ಸೂರ್ಯನು ತನ್ನ ಸುತ್ತ ಒಂದು ಸಲ ತಿರುಗಲು ಸಮಭಾಜಕದಲ್ಲಿ 25 ದಿನ ಬೇಕು, ಆ ಡಬ್ಲ್ಯು. ಎಕ್ಸ್. ತಾರೆಗೆ ಸುಮಾರು 19 ಗಂಟೆ ಸಾಕು.

ಸ್ವಾರಸ್ಯವೆಂದರೆ, ತಿರುಗುವಿಕೆಯಿಂದ ಹುಟ್ಟಿದ ಕ್ಷೇತ್ರವೇ ತಿರುಗುವಿಕೆಗೆ ಕಡಿವಾಣ ಹಾಕುತ್ತದೆ. ನಕ್ಷತ್ರದಿಂದ ಸದಾ ಹೊರಬೀಸುವ ಅನಿಲವನ್ನು ಕ್ಷೇತ್ರವು ಬಹುದೂರದವರೆಗೆ ಹಿಡಿದು ತನ್ನೊಡನೆ ಸುತ್ತಿಸುತ್ತದೆ. ತಿರುಗುವ ಸ್ಟೂಲಿನ ಮೇಲೆ ಕುಳಿತ ಹುಡುಗನು ಕೈಚಾಚಿದೊಡನೆ ಅವನ ವೇಗ ಕುಗ್ಗಿದ್ದನ್ನು ಈಗತಾನೆ ನೋಡಿದಿರಿ. ತಾರೆಯ ಚಾಚಿದ ಕೈಯಿಂದ ಅನಿಲವು ಕಳಚಿಹೋಗುವುದರಿಂದ ಆ ವೇಗ ಮರಳಿ ಬರುವುದಿಲ್ಲ. ಸೂರ್ಯನಂತಹ ತಾರೆಯ ವಯಸ್ಸು ನಾಲ್ಕು ಮಡಿಯಾದರೆ ವೇಗ ಅರ್ಧಕ್ಕಿಳಿಯುವುದೆಂಬ ಲೆಕ್ಕವನ್ನು 1972ರಲ್ಲಿ ಸ್ಕುಮಾನಿಚ್ ಎಂಬವರು ಕೊಟ್ಟರು. ಸಣ್ಣ ತಾರೆಗಳು ಮಾತ್ರ ಬಹುಕಾಲ ಬಿರುಸಾಗಿಯೇ ಸುತ್ತುತ್ತಿರುತ್ತವೆ.

ಇದರಿಂದ ಯಾರಿಗೆ ಏನಾಗಬೇಕೆಂದು ಕೇಳುವಿರಾ? ಪ್ರಾಕ್ಸಿಮಾದ ಸುತ್ತ, ಭೂಮಿಯಷ್ಟೇ ತೂಕದ್ದೆಂದು ತೋರುವ ಗ್ರಹವೊಂದು 2016ರಲ್ಲಿ ಪತ್ತೆಯಾಯಿತು. ತಾರೆಯಿಂದ ಅದರ ದೂರ ಕೇವಲ 72 ಲಕ್ಷ ಕಿಲೋಮೀಟರು. ಸೂರ್ಯನಿಂದ ನಮ್ಮ ದೂರ 15 ಕೋಟಿ. ಪ್ರಾಕ್ಸಿಮಾ ಈಗ ಸುಮಾರು ಮೂರು ತಿಂಗಳಿಗೊಮ್ಮೆ ಸುತ್ತುವಷ್ಟು ನಿಧಾನವಾಗಿದೆ. ಆದರೂ ಅದರ ಕೋಪ ಆರಿಲ್ಲ. 2019ರ ಮೇ ತಿಂಗಳಲ್ಲಿ ಅಯಸ್ಕಾಂತ ರೇಖೆಗಳು ತೊಡರಿ ಸಿಡಿದಾಗ, ಅತಿನೇರಳೆ ಬೆಳಕಿನಲ್ಲಿ ಅದು ಕೆಲವೇ ಸೆಕೆಂಡುಗಳಲ್ಲಿ 14,000 ಮಡಿ ಪ್ರಜ್ವಲಿಸಿತು. ಅಂತಹ ಹೊಡೆತದ ಎದುರು ಆ ಗ್ರಹದಲ್ಲಿ ವಾಯುಮಂಡಲ ಉಳಿದೀತೇ, ಜೀವ ನಿಂತೀತೇ ಎಂಬುದೇ ವಿಜ್ಞಾನಿಗಳ ಮುಂದಿರುವ ಪ್ರಶ್ನೆ.

ನಮ್ಮ ಸೂರ್ಯನೂ ಬಾಲ್ಯದಲ್ಲಿ ವೇಗವಾಗಿ ತಿರುಗಿ ಸಿಡಿದವನೇ. ಅವನು ಬೇಗನೆ ಶಾಂತನಾದನು. ಆ ಶಾಂತಿಯಲ್ಲಿ ನಾವು ಬದುಕಿದ್ದೇವೆ. ಪೋಷಕರು ಒಂದು ರಾತ್ರಿ ಮಕ್ಕಳೊಡನೆ ಅಂಗಳದಲ್ಲಿ ನಿಂತು ಆ ದಕ್ಷಿಣ ದಿಕ್ಕನ್ನು ತೋರಿಸಬೇಕೆಂದು ಕೋರಿ, ನಮ್ಮ ಮಾತನ್ನು ಮುಗಿಸುತ್ತೇವೆ.