ಹೆದೆಯ ಮೇಲಿನ ಕುಣಿಕೆ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ. ಲೇಖಕರು ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.)



ನೌಕರಿಯ ಬಗ್ಗೆ ನಾಲ್ಕು ಮಾತಾಡು ಎಂದು ಗುರುಗಳು ಹೇಳಿದ್ದಾರೆ. ನಾನು ಭಾನುವಾರದ ಹವ್ಯಾಸವಾದ ಬಿಲ್ಲುವಿದ್ಯೆಯ ಬಗ್ಗೆ, ಅದರಲ್ಲೂ ಒಂದೇ ಒಂದು ಗಂಟಿನ ಬಗ್ಗೆ ಹೇಳುತ್ತೇನೆ.

ಬಿಲ್ಲು ನಮ್ಮ ನೆಲಕ್ಕೆ ಹೊಸದಲ್ಲ. ಹಾನಗಲ್ಲಿಗೆ ವಿರಾಟಕೋಟೆ ಎಂಬ ಹಳೆಯ ಹೆಸರಿದೆ. ಪಾಂಡವರು ಅಜ್ಞಾತವಾಸ ಕಳೆದದ್ದು ಇಲ್ಲೇ ಎಂಬುದು ಹಿರಿಯರ ನಂಬಿಕೆ. ಬನ್ನಿ ಮರದಲ್ಲಿ ಬಚ್ಚಿಡುವ ಮುನ್ನ ಅವರು ಬಿಲ್ಲುಗಳ ಹೆದೆ ಬಿಚ್ಚಿದರು ಎಂದು ವಿರಾಟಪರ್ವ ಹೇಳುತ್ತದೆ. ನಾನು ಹಿಡಿಯುವ ಕಾಂಪೌಂಡ್ ಬಿಲ್ಲಿನ ಹೆದೆಯನ್ನು ಹಾಗೆ ಕೈಯಿಂದ ಬಿಚ್ಚಲಾಗದು, ಪ್ರೆಸ್ ಎಂಬ ಯಂತ್ರ ಬೇಕು. 1960ರ ದಶಕದಲ್ಲಿ ಅಮೆರಿಕದ ಹಾಲೆಸ್ ವಿಲ್ಬರ್ ಅಲೆನ್ ರೂಪಿಸಿದ ಈ ಬಿಲ್ಲಿನ ತುದಿಗಳಲ್ಲಿ ರಾಟೆಗಳಿವೆ. 50 ಪೌಂಡಿನ ಬಿಲ್ಲನ್ನು ಎಳೆಯಲು ಸುಮಾರು 23 ಕಿಲೋ ಬಲ ಬೇಕು, ಅಂದರೆ ಅರ್ಧ ಚೀಲ ಯೂರಿಯಾ ಎತ್ತಿದಷ್ಟು. ಪೂರ್ತಿ ಎಳೆದ ಮೇಲೆ ರಾಟೆ ತಿರುಗಿ, ಕೈಗೆ ಐದಾರು ಕಿಲೋ ಮಾತ್ರ ಉಳಿಯುತ್ತದೆ.

ಇಷ್ಟೂ ಬಲ ಹಾದುಹೋಗುವುದು ಎರಡು ಮಿಲಿಮೀಟರ್ ದಪ್ಪದ ಒಂದು ಗಿಡ್ಡ ದಾರದ ಮೂಲಕ. ಹೆದೆಗೆ ಕಟ್ಟಿದಾಗ ಇಂಗ್ಲಿಷಿನ ಡಿ ಅಕ್ಷರದಂತೆ ಕಾಣುವುದರಿಂದ ಅದು ಡಿ-ಲೂಪ್. ನಮ್ಮ ಮಾತಿನಲ್ಲಿ ಕುಣಿಕೆ. ರಿಲೀಸ್ ಎಂಬ ಕೈಸಾಧನದ ಕೊಕ್ಕೆಯನ್ನು ಇದಕ್ಕೆ ಸಿಕ್ಕಿಸಿ ಎಳೆಯುತ್ತೇವೆ. ಎಳೆತ ಬಾಣದ ನೇರ ಹಿಂದೆಯೇ ಬೀಳುತ್ತದೆ, ಹೆದೆಯೂ ಸವೆಯುವುದಿಲ್ಲ.

ದನ ಕಟ್ಟುವ ಜೀರುಗುಣಿಕೆ ನಿಮಗೆ ಗೊತ್ತು. ಬೇಕಾದಾಗ ಒಂದೇ ಜಗ್ಗಿಗೆ ಅದು ಬಿಚ್ಚಬೇಕು. ಈ ಕುಣಿಕೆ ಅದಕ್ಕೆ ತದ್ವಿರುದ್ಧ, ಜಗ್ಗಿದಷ್ಟೂ ಬಿಗಿಯಬೇಕು. ಕಟ್ಟುವ ಕ್ರಮ ಹೀಗೆ. ಸುಮಾರು ನಾಲ್ಕೂವರೆ ಇಂಚು ದಾರದ ತುದಿ ಬಿಡಿಸಿ, ಲೈಟರಿನಿಂದ ಕರಗಿಸಿ ಸಣ್ಣ ಗುಂಡಿಯಂತೆ ಮಾಡಬೇಕು. ತುದಿಯನ್ನು ಹೆದೆಗೆ ಸುತ್ತಿ, ಅದೇ ಸುತ್ತಿನೊಳಗೆ ತೂರಿಸಬೇಕು. ಬಾಣದ ಹಿಂತುದಿ ಕೂರುವಷ್ಟು ಜಾಗ ಬಿಟ್ಟು, ಎರಡನೆಯ ಗಂಟನ್ನು ಎದುರು ದಿಕ್ಕಿನಲ್ಲಿ ಹಾಕಬೇಕು. ಎರಡೂ ಒಂದೇ ಮಗ್ಗುಲಿಗಿದ್ದರೆ ಹೆದೆ ತಿರುಚುತ್ತದೆ. ಉಳಿದ ತುದಿಯನ್ನೂ ಕರಗಿಸಿ, ಕುಣಿಕೆಯೊಳಗೆ ಇಕ್ಕಳದ ಮೂತಿ ಇಟ್ಟು ಅಗಲಿಸಿದರೆ ಗಂಟು ಕಚ್ಚಿಕೊಳ್ಳುತ್ತದೆ. ಗಂಟು ಜಾರದಂತೆ ತಡೆಯುವುದು ಆ ಕರಗಿದ ಗುಂಡಿಗಳೇ. ಬೆಂಕಿ ಮಾತ್ರ ಹೆದೆಗೆ ಸೋಕಬಾರದು, ಅದೂ ಕರಗುವ ನೂಲೇ.

ಒಮ್ಮೆ ನಮ್ಮ ಮೈದಾನದಲ್ಲಿ ಒಬ್ಬರು ಪೂರ್ತಿ ಎಳೆದು ನಿಂತಾಗ ಕುಣಿಕೆ ಕಳಚಿತು. ಮುಷ್ಟಿ ಅವರದೇ ದವಡೆಗೆ ಬಡಿಯಿತು, ಬಾಣ ಗುರಿ ಬಿಟ್ಟು ಎಲ್ಲೋ ಹೋಯಿತು. ಆ ಕಡೆ ಯಾರೂ ಇರಲಿಲ್ಲ, ಪುಣ್ಯ. ದಾರ ಗಟ್ಟಿಯಾಗಿಯೇ ಇತ್ತು. ಒಂದು ತುದಿಯ ಗುಂಡಿ ಸವೆದಿದ್ದನ್ನು ಯಾರೂ ನೋಡಿರಲಿಲ್ಲ. ಅಂದಿನಿಂದ ಅಲ್ಲಿ ಪ್ರತಿಯೊಬ್ಬರ ಕುಣಿಕೆಯನ್ನೂ ಇನ್ನೊಬ್ಬರು ನೋಡಿದ ಮೇಲೆಯೇ ಬಾಣ ಹೂಡುವುದು. ನಮ್ಮ ಕಚೇರಿಯಲ್ಲೂ ಒಬ್ಬರು ಬರೆದ ಪ್ರೋಗ್ರಾಮನ್ನು ಇನ್ನೊಬ್ಬರು ಓದದೆ ಬಳಕೆಗೆ ಬಿಡುವುದಿಲ್ಲ. ಇದು ಅಪನಂಬಿಕೆಯಲ್ಲ, ಪರಸ್ಪರ ಕಾಳಜಿ.

ಮಕ್ಕಳೇ, ಕೈಗಳೇ ಇಲ್ಲದ ಜಮ್ಮುವಿನ ಶೀತಲ್ ದೇವಿ ಕಾಲಿನಿಂದ ಇದೇ ಬಗೆಯ ಬಿಲ್ಲು ಹಿಡಿದು, ರಾಕೇಶ್ ಕುಮಾರ್ ಜೊತೆಗೂಡಿ 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಕಂಚು ಗೆದ್ದರು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆಯೂ ಇದೆ. ನಿಮಗೂ ಆಸೆ ಹುಟ್ಟಲಿ. ಆದರೆ ತರಬೇತುದಾರರಿಲ್ಲದೆ ಬಿಲ್ಲು ಮುಟ್ಟಬೇಡಿ, ಬಾಣವಿಲ್ಲದೆ ಹೆದೆ ಎಳೆದು ಬಿಡಬೇಡಿ, ಮನುಷ್ಯರ ಕಡೆ ಎಂದೂ ಗುರಿ ಹಿಡಿಯಬೇಡಿ.

ಐವತ್ತು ವರ್ಷಗಳಿಂದ ಈ ಶಾಲೆ ನಮ್ಮನ್ನು ಹಿಂದಕ್ಕೆ ಜಗ್ಗಿದ್ದು ಮುಂದೆ ದೂರ ಹೋಗಲೆಂದೇ. ಆ ಎಳೆತದಲ್ಲಿ ಸಡಿಲಾಗದೆ ನಿಂತ ಗುರುಗಳಿಗೆಲ್ಲ ನನ್ನ ಸಾಷ್ಟಾಂಗ ನಮಸ್ಕಾರ.  ಜೈ ಹಿಂದ್, ಜೈ ಕರ್ನಾಟಕ.