ಹೊರಡುವ ಮುನ್ನ: ಮಕ್ಕಳಿರುವ ದೇಶದಲ್ಲಿ ನಿವೃತ್ತರ ಬದುಕು



ನಮ್ಮ ಕಡೆಯ ಅಪ್ಪ ಅಮ್ಮಂದಿರು ಅಮೆರಿಕವನ್ನು ಮೊದಲು ನೋಡುವುದು ಬಹಳಮಟ್ಟಿಗೆ ಮಗಳ ಅಥವಾ ಸೊಸೆಯ ಬಾಣಂತನಕ್ಕೆ ಹೋದಾಗ. ಆರು ತಿಂಗಳು ಇದ್ದು ಬರುತ್ತಾರೆ, ಎರಡನೇ ಮಗುವಾದಾಗ ಇನ್ನೊಮ್ಮೆ ಹೋಗುತ್ತಾರೆ. ಅಷ್ಟರಲ್ಲಿ ಇಲ್ಲಿ ನಿವೃತ್ತಿಯಾಗಿರುತ್ತದೆ, ಮಂಡಿ ನೋವು ಶುರುವಾಗಿರುತ್ತದೆ, ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದಿರುತ್ತಾರೆ. ಒಂದು ದಿನ ಫೋನಿನಲ್ಲಿ ಮಗ ಹೇಳುತ್ತಾನೆ: "ಅಪ್ಪ, ಅಲ್ಲಿ ಇಬ್ಬರೇ ಯಾಕೆ ಕಷ್ಟಪಡ್ತೀರಿ? ಇಲ್ಲಿಗೇ ಬಂದುಬಿಡಿ." ಈ ಕರೆಗೆ ಉತ್ತರ ಕೊಡುವ ಮುಂಚೆ ವಿಚಾರಿಸಿಕೊಳ್ಳಬೇಕಾದ ಸಂಗತಿಗಳ ಬಗ್ಗೆ, ಮುಖ್ಯವಾಗಿ ಅಮೆರಿಕವನ್ನು ಮುಂದಿಟ್ಟುಕೊಂಡು, ಇವತ್ತು ಮಾತಾಡುತ್ತೇನೆ. ಹೋಗಬೇಡಿ ಎನ್ನುವುದು ನನ್ನ ಉದ್ದೇಶವಲ್ಲ. ಹೋದಮೇಲೆ ವಾಪಸ್ ಬರಬೇಕೆನಿಸಿದರೆ ಬರಲು ಸಾಧ್ಯವಾಗಬೇಕು, ಅಷ್ಟೇ ನನ್ನ ಕಾಳಜಿ.

ಮೊದಲನೆಯದು, ಅಲ್ಲಿ ಇರುವ ಹಕ್ಕು. ಪಾಸ್‌ಪೋರ್ಟಿನಲ್ಲಿ ಹತ್ತು ವರ್ಷದ ವಿಸಿಟರ್ ವೀಸಾ ಇದ್ದರೆ ಹತ್ತು ವರ್ಷ ಇರಬಹುದೆಂದು ಅನೇಕರು ತಿಳಿದಿದ್ದಾರೆ. ಆ ವೀಸಾ ಬಾಗಿಲವರೆಗೆ ಹೋಗಲು ಅನುಮತಿ ಮಾತ್ರ. ಎಷ್ಟು ದಿನ ಇರಬಹುದು ಎನ್ನುವುದನ್ನು ವಿಮಾನ ನಿಲ್ದಾಣದ ಇಮಿಗ್ರೇಷನ್ ಅಧಿಕಾರಿ ಪ್ರತಿ ಸಲವೂ ಬೇರೆಯಾಗಿ ತೀರ್ಮಾನಿಸುತ್ತಾರೆ, ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ. ಆ ದಿನಾಂಕ ಐ-94 ಎಂಬ ದಾಖಲೆಯಲ್ಲಿರುತ್ತದೆ. ಅದನ್ನು ಮೀರಿ 180 ದಿನಕ್ಕಿಂತ ಹೆಚ್ಚು ಉಳಿದು ಆಮೇಲೆ ಹೊರಟರೆ ಮೂರು ವರ್ಷ, ಒಂದು ವರ್ಷಕ್ಕೂ ಮೀರಿ ಉಳಿದಿದ್ದರೆ ಹತ್ತು ವರ್ಷ ಆ ದೇಶಕ್ಕೆ ಕಾಲಿಡುವಂತಿಲ್ಲ. ಹಾಗಾಗಿ ಬಂದಿಳಿದ ವಾರದಲ್ಲೇ ಮಕ್ಕಳಿಂದ ಐ-94 ತೆಗೆಸಿ ದಿನಾಂಕ ನೋಡಿಕೊಳ್ಳಿ.

ಕಾಯಂ ಆಗಿ ಇರಬೇಕಾದರೆ ಗ್ರೀನ್ ಕಾರ್ಡ್ ಬೇಕು. ಅಪ್ಪ ಅಮ್ಮನಿಗೆ ಅದನ್ನು ಕೊಡಿಸಲು ಮಗ ಅಥವಾ ಮಗಳು ಅಮೆರಿಕದ ಪ್ರಜೆಯಾಗಿರಬೇಕು, 21 ವರ್ಷ ತುಂಬಿರಬೇಕು. ಎಚ್-1ಬಿ ವೀಸಾದಲ್ಲಿ ಕೆಲಸ ಮಾಡುತ್ತಿರುವ ಮಗನಿಗೆ ಈ ಹಕ್ಕಿಲ್ಲ, ಗ್ರೀನ್ ಕಾರ್ಡ್ ಇರುವ ಮಗಳಿಗೂ ಇಲ್ಲ. ಉದ್ಯೋಗದ ಆಧಾರದ ಗ್ರೀನ್ ಕಾರ್ಡುಗಳಲ್ಲಿ ಯಾವುದೇ ಒಂದು ದೇಶದವರಿಗೆ ಸಿಗುವ ಪಾಲು ಹೆಚ್ಚೂಕಡಿಮೆ ಶೇಕಡ 7. ಭಾರತದಂಥ ದೊಡ್ಡ ದೇಶಕ್ಕೂ ಅಷ್ಟೇ. ಅದಕ್ಕೇ ನಮ್ಮ ಎಂಜಿನಿಯರುಗಳು ಸಾಲಿನಲ್ಲಿ ಹತ್ತು ವರ್ಷಕ್ಕೂ ಮೀರಿ ಕಾಯುತ್ತಾರೆ. ಕಾರ್ಡ್ ಕೈಗೆ ಬಂದಮೇಲೆ ಪೌರತ್ವಕ್ಕೆ ಸಾಮಾನ್ಯವಾಗಿ ಇನ್ನೂ ಐದು ವರ್ಷ ಬೇಕು, ಅದಾದ ಮೇಲೆ ಅಪ್ಪ ಅಮ್ಮನ ಅರ್ಜಿ. ಮಗ ಕರೆದಾಗ ಅರವತ್ತೆರಡು ವರ್ಷವಾಗಿದ್ದವರು ಎಪ್ಪತ್ತೈದು ದಾಟಿರುತ್ತಾರೆ. ನಿಮ್ಮ ಮಗ ಈ ದಾರಿಯಲ್ಲಿ ಎಲ್ಲಿದ್ದಾನೆ ಎಂದು ನೇರವಾಗಿ ಕೇಳಿ ತಿಳಿದುಕೊಳ್ಳಿ. ಕೇಳಲು ಸಂಕೋಚ ಬೇಡ.

ಬೇರೆ ದೇಶಗಳ ಕಥೆ ಬೇರೆ. ಕೆನಡಾದ ಸೂಪರ್ ವೀಸಾದಲ್ಲಿ 2022ರ ಜುಲೈನಿಂದ ಒಂದೇ ಸಲಕ್ಕೆ ಐದು ವರ್ಷದವರೆಗೆ ಇರಬಹುದು, ಕನಿಷ್ಠ ಒಂದು ಲಕ್ಷ ಕೆನಡಿಯನ್ ಡಾಲರಿನ ವೈದ್ಯಕೀಯ ವಿಮೆ ಕಡ್ಡಾಯ. ಬ್ರಿಟನ್ 2012ರಲ್ಲಿ ಬಾಗಿಲನ್ನು ಹೆಚ್ಚುಕಡಿಮೆ ಮುಚ್ಚಿತು. ದಿನನಿತ್ಯದ ಆರೈಕೆಗೆ ಇನ್ನೊಬ್ಬರು ಬೇಕೇ ಬೇಕು, ಆ ಆರೈಕೆ ತಾಯ್ನಾಡಿನಲ್ಲಿ ಸಿಗುವುದೇ ಇಲ್ಲ ಎಂದು ರುಜುವಾತು ಮಾಡಿದರಷ್ಟೇ ಒಳಗೆ ಬಿಡುತ್ತಾರೆ. ಆಸ್ಟ್ರೇಲಿಯಾದಲ್ಲಿ ಕಡಿಮೆ ಶುಲ್ಕದ ಪೋಷಕ ವೀಸಾಕ್ಕೆ ಸುಮಾರು ಮೂವತ್ತು ವರ್ಷ ಕಾಯಬೇಕೆಂದು ಅಲ್ಲಿನ ಸರ್ಕಾರವೇ ಹೇಳುತ್ತದೆ. ಬೇಗ ಸಿಗಬೇಕೆಂದರೆ ತಲಾ ನಲವತ್ತು ಸಾವಿರ ಆಸ್ಟ್ರೇಲಿಯನ್ ಡಾಲರಿಗೂ ಹೆಚ್ಚು ಕಟ್ಟಬೇಕು, ಅದಕ್ಕೂ ಸಾಲು ಉದ್ದವೇ ಇದೆ.

ಈಗ ಆರೋಗ್ಯ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ. ವಿಸಿಟರ್ ಆಗಿ ಹೋಗುವವರು ಕೊಳ್ಳುವ ವಿಮೆ ಮೊದಲೇ ಇರುವ ಕಾಯಿಲೆಗೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಕೆಲವು ಪಾಲಿಸಿಗಳು ಹಳೆಯ ಕಾಯಿಲೆ ಹಠಾತ್ತನೆ ಉಲ್ಬಣಿಸಿದರೆ ಮಾತ್ರ ಒಂದು ಮಿತಿಯವರೆಗೆ ಕೊಡುತ್ತವೆ. ಎಪ್ಪತ್ತರ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ, ಬಿಪಿ ಇಲ್ಲದವರು ಎಷ್ಟು ಜನ? ಕಂತು ಎಷ್ಟು ಎಂದು ನೋಡುವ ಮುಂಚೆ ಈ ಒಂದು ಷರತ್ತನ್ನು ಓದಿ, ಅರ್ಥವಾಗದಿದ್ದರೆ ಓದಿಸಿ ಕೇಳಿ.

ಗ್ರೀನ್ ಕಾರ್ಡ್ ಪಡೆದು ಹೋದವರ ಸ್ಥಿತಿ ಇದಕ್ಕಿಂತ ಮೇಲು. 2010ರ ಆರೋಗ್ಯ ಕಾನೂನಿನ ಪ್ರಕಾರ ಅಲ್ಲಿನ ಮಾರ್ಕೆಟ್‌ಪ್ಲೇಸ್ ಎಂಬ ಸರ್ಕಾರಿ ವೇದಿಕೆಯ ವಿಮೆಯವರು ಹಳೆಯ ಕಾಯಿಲೆ ಇದೆಯೆಂದು ನಿರಾಕರಿಸುವಂತಿಲ್ಲ. ಆದರೆ ಹೋಗಿ ನೆಲೆಸಿದ 60 ದಿನದೊಳಗೆ ಸೇರಬೇಕು. ಆ ಗಡುವು ತಪ್ಪಿದರೆ ನವೆಂಬರ್ 1ರಂದು ಮತ್ತೆ ತೆರೆಯುವ ನೋಂದಣಿಗಾಗಿ ಕಾಯಬೇಕು. ಅರವತ್ತೈದು ದಾಟಿದವರಿಗೆ ಸರ್ಕಾರವೇ ನಡೆಸುವ ಮೆಡಿಕೇರ್ ಇದೆ. ಸುಮಾರು ಹತ್ತು ವರ್ಷ ಅಲ್ಲಿ ದುಡಿದು ತೆರಿಗೆ ಕಟ್ಟಿದವರಿಗೆ ಅದರ ಆಸ್ಪತ್ರೆ ಭಾಗ ಕಂತಿಲ್ಲದೆ ಸಿಗುತ್ತದೆ. ದುಡಿಯದ ನಮ್ಮ ಹಿರಿಯರು ಗ್ರೀನ್ ಕಾರ್ಡ್ ಪಡೆದು ಐದು ವರ್ಷ ಎಡೆಬಿಡದೆ ಅಲ್ಲೇ ವಾಸಮಾಡಿದ ಮೇಲಷ್ಟೇ ಸೇರಬಹುದು, ಆಗಲೂ ಪೂರ್ತಿ ಕಂತು ಕಟ್ಟಿಯೇ. 2025ರ ದರದಲ್ಲಿ ಆಸ್ಪತ್ರೆ ಭಾಗಕ್ಕೆ ತಿಂಗಳಿಗೆ 518 ಡಾಲರ್, ವೈದ್ಯರ ಭಾಗಕ್ಕೆ 185 ಡಾಲರ್ ಇತ್ತು. ಗಂಡ ಹೆಂಡತಿ ಇಬ್ಬರಿಗೂ ಸೇರಿಸಿದರೆ ತಿಂಗಳಿಗೆ 1,406 ಡಾಲರ್ ಆಗುತ್ತಿತ್ತು. ಹಲ್ಲು, ಕನ್ನಡಕ, ಕಿವಿಯ ಯಂತ್ರ ಇವು ಮೂಲ ಮೆಡಿಕೇರ್‌ನಲ್ಲಿ ಬರುವುದಿಲ್ಲ. ಹಾಸಿಗೆ ಹಿಡಿದವರನ್ನು ವರ್ಷಗಟ್ಟಲೆ ನೋಡಿಕೊಳ್ಳುವ ಆರೈಕೆಯೂ ಬರುವುದಿಲ್ಲ. ಇಲ್ಲಿ ಮನೆಗೆಲಸಕ್ಕೆ, ಅಡುಗೆಗೆ, ರಾತ್ರಿ ಜೊತೆಗಿರಲು ಯಾರಾದರೂ ಸಿಗುತ್ತಾರೆ. ಅಲ್ಲಿ ಅದೇ ಅತಿ ದುಬಾರಿ, ಆ ಕೆಲಸವೆಲ್ಲ ಮಗಳ ಅಥವಾ ಸೊಸೆಯ ಹೆಗಲಿಗೇ ಬೀಳುತ್ತದೆ.

ಇಲ್ಲಿ ನಮ್ಮ ಜನರಿಗೆ ಬಹಳ ಪ್ರಿಯವಾದ ಒಂದು ಏರ್ಪಾಡಿನ ಬಗ್ಗೆ ಹೇಳಬೇಕು: ಗ್ರೀನ್ ಕಾರ್ಡ್ ಮಾಡಿಸಿಕೊಂಡು ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಇರುವುದು. ಕೇಳಲು ಚೆಂದ. ಆದರೆ ಗ್ರೀನ್ ಕಾರ್ಡ್ ಕೊಟ್ಟಿರುವುದು ಅಲ್ಲಿ ನೆಲೆಸುವುದಕ್ಕೆ. ಆರು ತಿಂಗಳು ಮೀರಿ ಹೊರಗಿದ್ದು ಹೋದರೆ ನಿಲ್ದಾಣದಲ್ಲಿ ಪ್ರಶ್ನೆ ಏಳುತ್ತದೆ. ಒಂದು ವರ್ಷ ಮೀರಿದರೆ ಕಾರ್ಡನ್ನು ಬಿಟ್ಟುಕೊಟ್ಟಂತೆಯೇ ಎಣಿಸಬಹುದು. ಮೊದಲೇ ರೀ-ಎಂಟ್ರಿ ಪರ್ಮಿಟ್ ಪಡೆದರೆ ಎರಡು ವರ್ಷದವರೆಗೆ ರಕ್ಷಣೆ ಸಿಗುತ್ತದೆ. ಇದಕ್ಕಿಂತ ದೊಡ್ಡ ನಷ್ಟ ಆರೋಗ್ಯದ್ದು. ಹೋಗಿ ಬಂದು ಮಾಡುವುದರಿಂದ ಮೆಡಿಕೇರ್‌ಗೆ ಬೇಕಾದ ಐದು ವರ್ಷದ ವಾಸಕ್ಕೆ ತೊಡಕಾಗುತ್ತದೆ. ಇನ್ನೊಂದು ಕಡೆ, ಹೇಗೂ ಅಲ್ಲಿರುತ್ತೇವಲ್ಲ ಎಂದು ಇಲ್ಲಿನ ಆರೋಗ್ಯ ವಿಮೆಯ ಕಂತು ನಿಲ್ಲಿಸಿರುತ್ತಾರೆ. ಮತ್ತೆ ಮಾಡಿಸಲು ಹೋದರೆ ವಯಸ್ಸಿಗೆ ತಕ್ಕ ಹೆಚ್ಚಿನ ಕಂತು, ಮೇಲೆ ಹಳೆಯ ಕಾಯಿಲೆಗಳಿಗೆ ಮೂರು ವರ್ಷದವರೆಗೆ ಕಾಯುವ ಅವಧಿ. ಎರಡೂ ದೇಶದಲ್ಲಿ ಆಸರೆ ಇಲ್ಲದ ಸ್ಥಿತಿ ಇದು, ಅದೂ ಆಸ್ಪತ್ರೆ ಹೆಚ್ಚು ಬೇಕಾಗುವ ವಯಸ್ಸಿನಲ್ಲಿ. ಅರ್ಧ ವರ್ಷ ಅಲ್ಲಿ ಅರ್ಧ ವರ್ಷ ಇಲ್ಲಿ ಇರಬೇಕು ಅನ್ನುವವರಿಗೆ ವಿಸಿಟರ್ ವೀಸಾವೇ ಸೂಕ್ತ, ಆದರೂ ಅದರಲ್ಲಿ ಮೇಲಿಂದ ಮೇಲೆ ದೀರ್ಘಕಾಲ ಉಳಿದರೆ ಅಧಿಕಾರಿಗಳಿಗೆ ಅನುಮಾನ ಬರುತ್ತದೆ. ಗ್ರೀನ್ ಕಾರ್ಡ್ ಪೂರ್ತಿಯಾಗಿ ಹೋಗುವವರಿಗೆ. ಯಾವ ದಾರಿ ಹಿಡಿದರೂ ಇಲ್ಲಿನ ಆರೋಗ್ಯ ವಿಮೆಯನ್ನು ದಯವಿಟ್ಟು ನಿಲ್ಲಿಸಬೇಡಿ. ಅದು ನೀವು ಹಿಂತಿರುಗಿ ಬರುವ ಹಾದಿ.

ಹಣದ ವಿಷಯ. ಗ್ರೀನ್ ಕಾರ್ಡ್ ಬಂದ ದಿನದಿಂದ ಅಮೆರಿಕಕ್ಕೆ ನಿಮ್ಮ ಜಗತ್ತಿನಾದ್ಯಂತದ ಆದಾಯದ ಲೆಕ್ಕ ಬೇಕು. ಇಲ್ಲಿನ ಪಿಂಚಣಿ, ಮನೆ ಬಾಡಿಗೆ, ಎಫ್‌ಡಿ ಬಡ್ಡಿ ಎಲ್ಲವನ್ನೂ ಅಲ್ಲಿನ ರಿಟರ್ನ್‌ನಲ್ಲಿ ತೋರಿಸಬೇಕು. ಇಲ್ಲಿ ಕಟ್ಟಿದ ತೆರಿಗೆಗೆ ಅಲ್ಲಿ ವಜಾ ಕೇಳಲು ಅವಕಾಶವಿದೆ. ಅದಲ್ಲದೆ, ಅಮೆರಿಕದ ಹೊರಗಿನ ನಿಮ್ಮ ಎಲ್ಲ ಖಾತೆಗಳೂ ಸೇರಿ ವರ್ಷದಲ್ಲಿ ಒಂದೇ ಒಂದು ದಿನ 10,000 ಡಾಲರ್ ಮೀರಿದರೂ ಎಫ್‌ಬಾರ್ ಎಂಬ ಮಾಹಿತಿ ಸಲ್ಲಿಸಬೇಕು. ಹತ್ತು ಲಕ್ಷದ ಒಂದು ಎಫ್‌ಡಿ ಇದ್ದರೆ ಸಾಕು, ಈ ಗೆರೆ ದಾಟುತ್ತದೆ. ತೆರಿಗೆ ಏನೂ ಇಲ್ಲದಿದ್ದರೂ ಮಾಹಿತಿ ಕೊಡದಿರುವುದಕ್ಕೆ ದಂಡ ಭಾರಿ. ಇದರಲ್ಲೊಂದು ಒಳಸುಳಿ ಇದೆ. ನಿಮ್ಮ ಎಫ್‌ಡಿಗೆ ಅನುಕೂಲಕ್ಕೆಂದು ಅಮೆರಿಕದಲ್ಲಿ ನೆಲೆಸಿರುವ ಮಗನ ಹೆಸರನ್ನು ಜಂಟಿಯಾಗಿ ಸೇರಿಸಿದ್ದರೆ, ನೀವು ಮೈಸೂರು ಬಿಟ್ಟು ಕದಲದಿದ್ದರೂ ಅವನು ಆ ಖಾತೆಯನ್ನು ತೋರಿಸಬೇಕಾಗುತ್ತದೆ.

ನೆಲೆಸಲೆಂದು ಹೊರಟವರು ಇಲ್ಲಿನ ಉಳಿತಾಯ ಖಾತೆಯನ್ನು ಅನಿವಾಸಿಗಳ ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಿಕೊಳ್ಳಬೇಕು, ಇದು ಕಾನೂನು. ಅದರ ಬಡ್ಡಿಯಲ್ಲಿ ಬ್ಯಾಂಕು ಶೇಕಡ 30ಕ್ಕಿಂತ ಹೆಚ್ಚು ತೆರಿಗೆ ಹಿಡಿದುಕೊಳ್ಳುತ್ತದೆ. ತೆರಿಗೆ ಹಿಡಿಯಬೇಡಿ ಎಂದು ಹಿರಿಯ ನಾಗರಿಕರು ವರ್ಷವರ್ಷ ಕೊಡುತ್ತಿದ್ದ 15ಎಚ್ ಫಾರಂ ಅನಿವಾಸಿಗಳಿಗೆ ಇಲ್ಲ, ಹೆಚ್ಚು ಹಿಡಿದದ್ದನ್ನು ರಿಟರ್ನ್ ಹಾಕಿ ವಾಪಸ್ ಪಡೆಯಬೇಕು. ಆ ಖಾತೆಯಿಂದ ವರ್ಷಕ್ಕೆ ಹತ್ತು ಲಕ್ಷ ಡಾಲರಿನವರೆಗೆ ಹೊರದೇಶಕ್ಕೆ ಕಳಿಸಲು ಅವಕಾಶವಿದೆ, ಹಾಗಾಗಿ ಹಣ ಇಲ್ಲೇ ಸಿಕ್ಕಿಬೀಳುತ್ತದೆ ಎಂಬ ಭಯ ಬೇಡ. ಸಣ್ಣದಾಗಿ ಕಂಡರೂ ಸಣ್ಣದಲ್ಲದ ಇನ್ನೊಂದು ಮಾತು: ಬ್ಯಾಂಕಿನ ಒಟಿಪಿ ಬರುವ ಇಲ್ಲಿನ ಸಿಮ್ ಜೀವಂತವಾಗಿರಬೇಕು. ಹೊರಡುವ ಮುಂಚೆ ರೋಮಿಂಗ್ ಹಾಕಿಸಿ, ರೀಚಾರ್ಜ್ ತಪ್ಪಿಸಬೇಡಿ. ನಂಬರ್ ಹೋದರೆ ನಿಮ್ಮ ಹಣಕ್ಕೆ ನೀವೇ ಹೊರಗಿನವರಾಗುತ್ತೀರಿ.

ಮನೆ, ಸೈಟು, ತೋಟ. ಊರಲ್ಲಿ ಅಡಿಕೆ ತೋಟವೋ ಗದ್ದೆಯೋ ಇರುವವರು ಅನಿವಾಸಿಯಾದರೆ ಅದು ಕೈತಪ್ಪುತ್ತದೆ ಎಂದು ಹೆದರುತ್ತಾರೆ. ಕೈತಪ್ಪುವುದಿಲ್ಲ. ಇಲ್ಲಿದ್ದಾಗ ಹೊಂದಿದ್ದನ್ನು ಇಟ್ಟುಕೊಳ್ಳಬಹುದು, ಹೊಸದಾಗಿ ಕೃಷಿ ಜಮೀನು ಕೊಳ್ಳುವಂತಿಲ್ಲ ಅಷ್ಟೇ. ಬೆಂಗಳೂರಿನ ಮನೆ ಮಾರುವುದಾದರೆ ಒಂದು ವ್ಯತ್ಯಾಸ ಗಮನಿಸಿ. ಇಲ್ಲಿನ ನಿವಾಸಿ ಐವತ್ತು ಲಕ್ಷ ಅಥವಾ ಅದಕ್ಕಿಂತ ಹೆಚ್ಚಿಗೆ ಮಾರಿದರೆ ಕೊಳ್ಳುವವರು ಹಿಡಿಯುವುದು ಶೇಕಡ 1 ತೆರಿಗೆ. ಅನಿವಾಸಿ ಮಾರಿದರೆ ಅದರ ಎಷ್ಟೋ ಪಟ್ಟು ಹಿಡಿಯಬೇಕಾಗುತ್ತದೆ. ಕಡಿಮೆ ಹಿಡಿಯುವಂತೆ ಆದಾಯ ತೆರಿಗೆ ಇಲಾಖೆಯಿಂದ ಮೊದಲೇ ಪ್ರಮಾಣಪತ್ರ ಪಡೆಯಬಹುದು. ಇ-ಖಾತಾ ಇಲ್ಲದೆ ಈಗ ನಮ್ಮ ರಾಜ್ಯದಲ್ಲಿ ನೋಂದಣಿ ನಡೆಯುವುದಿಲ್ಲ, ಆ ಕೆಲಸವನ್ನು ಊರಲ್ಲಿರುವಾಗಲೇ ಮುಗಿಸಿ.

ಆಸ್ತಿ ನೋಡಿಕೊಳ್ಳಲು ಎಲ್ಲರೂ ಮಾಡುವುದು ಒಂದು ಜಿಪಿಎ, ಅಂದರೆ ತಮ್ಮ ಪರವಾಗಿ ವ್ಯವಹರಿಸುವ ಅಧಿಕಾರಪತ್ರ. ತಮ್ಮನಿಗೋ ನಂಬಿಕಸ್ಥ ನೆಂಟರಿಗೋ ಬರೆದುಕೊಟ್ಟು ವಿಮಾನ ಹತ್ತುತ್ತಾರೆ. ಆದರೆ 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ, ಬರೆದುಕೊಟ್ಟವರು ತೀರಿಕೊಂಡರೆ ಜಿಪಿಎ ಅಲ್ಲಿಗೆ ಮುಗಿಯಿತು. ಅವರ ಬುದ್ಧಿಸ್ವಾಧೀನ ತಪ್ಪಿದರೂ ಮುಗಿಯಿತು. ಮರೆವಿನ ಕಾಯಿಲೆ ಬಂದು, ನಿಜವಾಗಿ ಇನ್ನೊಬ್ಬರು ಸಹಿ ಮಾಡಬೇಕಾದ ಕಾಲ ಬಂದಾಗ ಆ ಕಾಗದಕ್ಕೆ ಬಲ ಇರುವುದಿಲ್ಲ. ಆದ್ದರಿಂದ ಜಿಪಿಎ ಒಂದನ್ನೇ ನೆಚ್ಚಿಕೊಳ್ಳಬೇಡಿ. ಇಲ್ಲಿನ ಆಸ್ತಿಗೆ ಇಲ್ಲಿಯೇ ಒಂದು ವಿಲ್ ಬರೆದಿಡಿ, ಸಾಧ್ಯವಾದರೆ ನೋಂದಾಯಿಸಿ. ನಾಮಿನಿ ಇದ್ದಾರಲ್ಲ ಎಂದು ಸುಮ್ಮನಾಗಬೇಡಿ. ನಾಮಿನಿ ಹಣವನ್ನು ಬ್ಯಾಂಕಿನಿಂದ ತೆಗೆದುಕೊಳ್ಳುವವರು, ವಾರಸುದಾರರು ಬೇರೆಯಾಗಿರಬಹುದು. ಯಾರಾದರೂ ಅಲ್ಲಿಯೇ ತೀರಿಕೊಂಡರೆ ಮಕ್ಕಳು ಅಲ್ಲಿನ ಮರಣ ಪ್ರಮಾಣಪತ್ರಕ್ಕೆ ಅಪೊಸ್ಟಿಲ್ ಮುದ್ರೆ ಹಾಕಿಸಿ, ಹಲವು ಪ್ರತಿ ತರಬೇಕು. ಇಲ್ಲಿನ ಬ್ಯಾಂಕು, ತಾಲ್ಲೂಕು ಕಚೇರಿ, ಪಿಂಚಣಿ ಕಚೇರಿ ಎಲ್ಲ ಕಡೆಯೂ ಅದನ್ನು ಕೇಳುತ್ತಾರೆ. ಈ ಮಾತು ಆಡಲು ಕಷ್ಟ, ಆದರೂ ಮಕ್ಕಳಿಗೆ ಹೇಳಿಡಿ.

ಇನ್ನು ದಿನ ಕಳೆಯುವುದು. ಕ್ಯಾಲಿಫೋರ್ನಿಯಾದ ಫ್ರೀಮಾಂಟ್, ಸನ್ನಿವೇಲ್, ನ್ಯೂಜೆರ್ಸಿಯ ಎಡಿಸನ್‌ನಂಥ ಕಡೆ ಸಂಜೆ ಪಾರ್ಕಿಗೆ ಹೋದರೆ ನಮ್ಮವರು ಸಿಗುತ್ತಾರೆ. ಮಿಲ್ಪಿಟಾಸ್‌ನ ಇಂಡಿಯಾ ಕಮ್ಯುನಿಟಿ ಸೆಂಟರ್‌ನಲ್ಲಿ ಹಿರಿಯರಿಗೆಂದೇ ಕಾರ್ಯಕ್ರಮಗಳಿವೆ, ದೊಡ್ಡ ಊರುಗಳಲ್ಲಿ ಕನ್ನಡ ಕೂಟಗಳು ಯುಗಾದಿ, ರಾಜ್ಯೋತ್ಸವ ಮಾಡುತ್ತವೆ. ಮಗನ ಮನೆ ಇಂಥ ಊರಿನಿಂದ ಒಂದು ಗಂಟೆ ದೂರದಲ್ಲಿದ್ದರೆ ಇದ್ಯಾವುದೂ ಇಲ್ಲ. ಕಾರು ಓಡಿಸದವರಿಗೆ ಅಲ್ಲಿ ಅಂಗಡಿಗೆ ಹೋಗುವುದೂ ಇನ್ನೊಬ್ಬರ ಬಿಡುವಿನ ಮೇಲೆ ನಿಂತಿದೆ. ನಲವತ್ತು ವರ್ಷ ಕಚೇರಿ ನಡೆಸಿದವರು, ಸಂಸಾರ ನಿಭಾಯಿಸಿದವರು ಶನಿವಾರಕ್ಕಾಗಿ ಕಾಯಬೇಕಾಗುತ್ತದೆ. ಅಮ್ಮಂದಿರ ವಿಷಯದಲ್ಲಿ ನನಗೆ ಇನ್ನೂ ಹೆಚ್ಚಿನ ಚಿಂತೆ. ಅಡುಗೆ, ಮೊಮ್ಮಕ್ಕಳು, ಪಾತ್ರೆ ಎಲ್ಲ ಸದ್ದಿಲ್ಲದೆ ಅವರ ಪಾಲಿಗೆ ಬರುತ್ತವೆ. ಪ್ರೀತಿಯಿಂದಲೇ ಮಾಡುತ್ತಾರೆ, ಅರವತ್ತೆಂಟರಲ್ಲಿ ಸುಸ್ತೂ ಆಗುತ್ತದೆ. ದಿನಕ್ಕೆ ಎಷ್ಟು ಹೊತ್ತು ಮಕ್ಕಳನ್ನು ನೋಡಿಕೊಳ್ಳುವುದು, ಕೈಖರ್ಚಿಗೆ ಯಾವ ಹಣ, ವಾರದಲ್ಲಿ ಯಾವ ದಿನ ದೇವಸ್ಥಾನಕ್ಕೋ ಗೆಳೆಯರ ಮನೆಗೋ ಕರೆದೊಯ್ಯುವುದು, ಇವನ್ನೆಲ್ಲ ಹೊರಡುವ ಮುಂಚೆ ಮಗ, ಸೊಸೆ ಇಬ್ಬರೊಂದಿಗೂ ಕುಳಿತು ಮಾತಾಡಿ. ಇದರಿಂದ ಸಂಬಂಧ ಕೆಡುವುದಿಲ್ಲ.

ನಮ್ಮವರು ಸಾಮಾನ್ಯವಾಗಿ ಏಪ್ರಿಲ್, ಮೇ ತಿಂಗಳಲ್ಲಿ ಹೋಗಿ ಅಕ್ಟೋಬರ್ ಹೊತ್ತಿಗೆ ಬರುತ್ತಾರೆ. ಆ ದೇಶದ ಒಳ್ಳೆಯ ಹವೆಯನ್ನಷ್ಟೇ ನೋಡಿರುತ್ತಾರೆ. ಕಾಯಂ ಆಗಿ ಹೋಗುವ ಯೋಚನೆ ಇದ್ದರೆ, ವಿಶೇಷವಾಗಿ ಚಿಕಾಗೊ, ಬಾಸ್ಟನ್‌ನಂಥ ಊರಾದರೆ, ಒಂದು ಸಲ ನವೆಂಬರ್‌ನಲ್ಲಿ ಹೋಗಿ ಮಾರ್ಚ್‌ವರೆಗೆ ಇದ್ದು ನೋಡಿ. ನಾಲ್ಕೂವರೆಗೆ ಕತ್ತಲಾಗುವ ದಿನಗಳು, ಹಿಮದಲ್ಲಿ ಕಾಲಿಡಲು ಹೆದರಿಕೆ, ಮನೆಯೊಳಗಿನ ಹೀಟರಿನ ಒಣಗಾಳಿ, ಇವೆಲ್ಲ ನಿಮ್ಮ ಮಂಡಿಗೂ ಮನಸ್ಸಿಗೂ ಒಗ್ಗುತ್ತವೆಯೋ ಗೊತ್ತಾಗಲಿ. ಮನೆಯನ್ನು ಬಾಡಿಗೆಗೆ ಕೊಡುವುದೋ ಮಾರುವುದೋ ಎಂಬ ತೀರ್ಮಾನ ಆ ಚಳಿಗಾಲ ಕಳೆದು ಬಂದಮೇಲೆ. ಪಿಂಚಣಿದಾರರ ಲೈಫ್ ಸರ್ಟಿಫಿಕೇಟ್ ಕೊಡುವ ತಿಂಗಳೂ ಸಾಮಾನ್ಯವಾಗಿ ನವೆಂಬರ್. ತಿಂಗಳ ಮೊದಲ ದಿನಗಳಲ್ಲೇ ಬ್ಯಾಂಕಿಗೆ ಹೋಗಿ ಅದನ್ನು ಕೊಟ್ಟು, ರಸೀದಿ ಪಡೆದು, ಎರಡನೇ ವಾರದ ಟಿಕೆಟ್ ತೆಗೆಸಿ. ಆಗಲಿಲ್ಲವೆಂದರೆ ಅಲ್ಲಿನ ಭಾರತೀಯ ದೂತಾವಾಸದ ಅಧಿಕಾರಿಯ ಮುಂದೆ ಸಹಿ ಮಾಡಿ ಕಳಿಸಬಹುದು. ಆದರೆ ದೂತಾವಾಸ ಮಗನ ಮನೆಯಿಂದ ಎಷ್ಟು ದೂರ, ಅಲ್ಲಿಗೆ ಕರೆದೊಯ್ಯಲು ಅವನಿಗೆ ಯಾವ ದಿನ ರಜೆ ಸಿಗುತ್ತದೆ ಎನ್ನುವುದನ್ನು ಮೊದಲೇ ಕೇಳಿಟ್ಟುಕೊಳ್ಳಿ.